ಪತ್ತನಾಜೆಗೆ ಒಂದು ವಾರ ಮೊದಲು

ಇದನ್ನು ಹೇಳುವುದನ್ನು ನಾನು ಆರು ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಪ್ರತಿ ವರ್ಷ ಹಿಮ ಕರಗಿ ಹಿತ್ತಲಿನ ಹುಲ್ಲು ಕಾಣಿಸಿಕೊಂಡಾಗ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಆಮೇಲೆ ಮೊಣಕಾಲು ನೋವೆಂದೋ ಮನೆಗೆ ಯಾರೋ ಬರುವವರಿದ್ದಾರೆಂದೋ ಬಿಟ್ಟುಬಿಡುವುದು. ಕಳೆದ ತಿಂಗಳು ಡಾಕ್ಟರು ನನ್ನ ಎದೆಯ ಚಿತ್ರ ನೋಡಿ, ಗಾಬರಿಯೇನಿಲ್ಲ ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ಹೇಳಿದ್ದರಿಂದ ನನಗೆ ಗಾಬರಿಯಾಯಿತು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅರವತ್ತು ತುಳಸಿ ಗಿಡಗಳನ್ನು ನಾನು ತಿಳಿದೂ ತಿಳಿದೂ ಸಾಯಲು ಬಿಟ್ಟೆ. ಆ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ. ವಿಷಯ ಇಷ್ಟೇ. ಉಳಿದದ್ದು ಅದು ಹೇಗಾಯಿತು ಎನ್ನುವುದು.

ನಮ್ಮದು ಉಡುಪಿಯ ಕಡೆ, ಮನೆಮಾತು ತುಳು. ಇಲ್ಲಿ ಕೆನಡಾದಲ್ಲಿ, ರೆಕ್ಸ್‌ಡೇಲಿನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಕೆಟ್ಟಿನ ಮುಚ್ಚಳ ಮಾಡುವ ಮೆಷಿನಿನ ಮುಂದೆ ನಿಂತು ನಿವೃತ್ತನಾದೆ. ಅಷ್ಟು ವರ್ಷಗಳಲ್ಲಿ ಅಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಕೇಳುವಂಥದ್ದು ಏನೂ ಇರಲೂ ಇಲ್ಲ. ನನ್ನ ಮಾತಿಗೆ ಬೆಲೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ.

ತುಳಸಿ, ದೊಡ್ಡಪತ್ರೆ, ಕಾಮಕಸ್ತೂರಿ, ಇವೆಲ್ಲ ಇಲ್ಲಿ ಚಳಿಗಾಲವಿಡೀ ಮನೆಯೊಳಗೆ ಕಿಟಕಿಯ ಪಕ್ಕ ಕುಳಿತು ಬಿಸಿಲಿಗಾಗಿ ಕತ್ತು ಉದ್ದ ಮಾಡಿಕೊಂಡಿರುತ್ತವೆ. ಏಪ್ರಿಲ್ ಕೊನೆಗೆ ನಾಲ್ಕು ದಿನ ಬೆಚ್ಚಗಾದರೆ ಸಾಕು, ನಮ್ಮವರ ಕೈ ತುರಿಸುತ್ತದೆ. ಹೊರಗಿಟ್ಟುಬಿಡುತ್ತಾರೆ. ಒಂದೇ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದರೆ ಮುಗಿಯಿತು. ಹೀಗೆ ಎರಡು ಮೂರು ವರ್ಷ ಗಿಡ ಕಳೆದುಕೊಂಡವರಿಗೆ ನಾನು ಒಂದು ಲೆಕ್ಕ ಹೇಳಿಕೊಟ್ಟಿದ್ದೆ. ತುಳುವರಲ್ಲಿ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಷ್ಟರೊಳಗೆ ಭೂತದ ಕೋಲ, ನೇಮ ಎಲ್ಲ ಮುಗಿಯಬೇಕು, ಯಕ್ಷಗಾನ ಆಟದವರು ಗೆಜ್ಜೆ ಬಿಚ್ಚಿಡಬೇಕು, ಅಂದು ಹತ್ತು ಹನಿಯಾದರೂ ಮಳೆ ಬಿದ್ದು ಬಿತ್ತನೆ ಶುರುವಾಗಬೇಕು. ಅದು ಬೀಳುವುದು ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ. ಕೆನಡಾದಲ್ಲಿ ಮೇ ತಿಂಗಳ ಲಾಂಗ್ ವೀಕೆಂಡ್, ಸೋಮವಾರವೂ ಸೇರಿದ ಮೂರು ದಿನದ ರಜೆ, ಬರುವುದೂ ಹೆಚ್ಚು ಕಡಿಮೆ ಆಗಲೇ. ಇಲ್ಲಿಯ ಹಳಬರೂ ಆ ರಜೆ ಬಾರದೆ ಟೊಮೆಟೊ ನೆಡುವುದಿಲ್ಲ. ಊರಿನ ಪಂಚಾಂಗ ಇಲ್ಲಿಯ ಚಳಿಗೂ ಹೊಂದುತ್ತದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಬ್ರ್ಯಾಂಪ್ಟನ್, ಮಿಸಿಸಾಗಾ, ಥಾರ್ನ್‌ಕ್ಲಿಫ್ ಪಾರ್ಕಿನಿಂದೆಲ್ಲ ಫೋನು ಬರುತ್ತಿತ್ತು. “ಅಂಕಲ್, ಇಡಬಹುದಾ?” “ಇನ್ನು ಹತ್ತು ದಿನ ಉಂಟು. ತಡೆಯಿರಿ.” ಅವರು ತಡೆಯುತ್ತಿದ್ದರು. ಗಿಡ ಉಳಿಯುತ್ತಿತ್ತು. ಹೆಸರು ನನಗೆ ಬರುತ್ತಿತ್ತು.

ಮಗ ಹೀಟಿಂಗ್, ಕೂಲಿಂಗ್ ರಿಪೇರಿ ಕೆಲಸದವನು. ಅವನು ಮದುವೆಯಾದದ್ದು ಧಾರವಾಡದ ಕಡೆಯ ಹುಡುಗಿಯನ್ನು. ಅವಳು ಕೃಷಿಯಲ್ಲಿ ಪದವಿ ಮಾಡಿದವಳು. ಇಲ್ಲಿ ಆ ಕಾಗದವನ್ನು ಯಾರೂ ಮೂಸಲಿಲ್ಲ. ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಕೆಲಸ ಸಿಕ್ಕಿತು. ದೂರಲಿಲ್ಲ. ಆದರೆ ಮನೆಗೆ ಬಂದು ಸ್ನಾನ ಮಾಡಿದವಳೇ ಬೇಸ್‌ಮೆಂಟಿಗೆ ಇಳಿದುಬಿಡುತ್ತಿದ್ದಳು. ಅಲ್ಲಿ ಮನೆ ಬಿಸಿ ಮಾಡುವ ಫರ್ನೇಸಿನ ಪಕ್ಕ ಹಳೆಯ ಪುಸ್ತಕದ ಕಪಾಟಿಗೆ ಟ್ಯೂಬ್‌ಲೈಟು ಕಟ್ಟಿ ಸಸಿ ಮಾಡುತ್ತಿದ್ದಳು.

ಬ್ರ್ಯಾಂಪ್ಟನ್ ದಾಟಿ ಉತ್ತರಕ್ಕೆ ಹೋದರೆ ಒಂದು ಗ್ರೀನ್‌ಹೌಸ್ ಇತ್ತು. ಅದರ ಯಜಮಾನ ಒಬ್ಬ ವಯಸ್ಸಾದ ಪೋರ್ಚುಗೀಸ್. ಸೊಸೆ ಮಣ್ಣು ತರಲು ಹೋದಾಗ ಅವನು ತುಳಸಿ ಎಂದು ಚೀಟಿ ಅಂಟಿಸಿ ಮಾರುತ್ತಿದ್ದದ್ದು ತುಳಸಿಯೇ ಅಲ್ಲ, ಅಡುಗೆಗೆ ಹಾಕುವ ಬೇರೆ ಜಾತಿಯ ಸೊಪ್ಪು ಎಂದು ಹೇಳಿದ್ದಾಳೆ. ಅವನು ನಕ್ಕು, ದೇವಸ್ಥಾನಕ್ಕೆ ಹೋಗುವವರೆಲ್ಲ ಕೇಳುತ್ತಾರೆ, ನನ್ನ ಕೈಯಲ್ಲಿ ಬರುವುದಿಲ್ಲ, ನಿನ್ನ ಕೈಯಲ್ಲಿ ಬರುತ್ತದಾ ಎಂದು ಕೇಳಿದನಂತೆ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಲಾಂಗ್ ವೀಕೆಂಡ್ ಕಳೆದ ಮಂಗಳವಾರ ಅವಳು ಅರವತ್ತು ಕುಂಡ ತುಳಸಿ ತಂದು ತೋರಿಸಬೇಕು. ಹೊರಗಿನ ಗಾಳಿಗೆ ಒಗ್ಗಿದ, ನೆಟ್ಟರೆ ಬದುಕುವ ಗಿಡಗಳಾಗಿರಬೇಕು. ತೋರಿಸಿದರೆ ಸಸಿ ಬೆಳೆಸುವ ವಿಭಾಗದ ಕೆಲಸ ಅವಳಿಗೆ.

ಆ ದಿನ ಅವಳು ಮೆಟ್ಟಿಲು ಹತ್ತಿ ಬಂದ ಸಪ್ಪಳವೇ ಬೇರೆಯಾಗಿತ್ತು. “ಅತ್ತ್ಯಾರ, ಇನ್ನ ನಾ ಟೇಪು ಹಚ್ಚೂದಿಲ್ರೀ,” ಎಂದು ನನ್ನ ಹೆಂಡತಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿದಳು.

ಫೆಬ್ರವರಿಯಲ್ಲಿ ಬೀಜ ಹಾಕಿದಳು. ಮೇ ಹೊತ್ತಿಗೆ ಗೇಣುದ್ದದ ಗಿಡಗಳು. ಬೇಸ್‌ಮೆಂಟಿನ ಬಾಗಿಲು ತೆರೆದರೆ ದೇವರ ಕೋಣೆಯ ವಾಸನೆ. ಆಮೇಲೆ ದಿನವೂ ಟ್ರೇಗಳನ್ನು ಹಿತ್ತಲ ಕಡೆಯ ಹಲಗೆ ಜಗಲಿಗೆ, ಡೆಕ್ಕಿಗೆ, ಸಾಗಿಸುವುದು, ಸಂಜೆ ಒಳಗೆ ತರುವುದು. ನನಗೆ ಇದು ಹುಡುಗಾಟವೆನಿಸುತ್ತಿತ್ತು.

“ಗಿಡಕ್ಕೆ ಎಂತ ನರ್ಸರಿ ಸ್ಕೂಲಾ? ದಿನಾ ಕರ್ಕೊಂಡು ಹೋಗಿ ಕರ್ಕೊಂಡು ಬರ್ಲಿಕ್ಕೆ?” ಎಂದೆ ಒಂದು ದಿನ.

“ಹೊರಗಿನ ಗಾಳಿ ರೂಢಿ ಮಾಡಿಸಬೇಕ್ರೀ ಮಾವಾರ. ಮೊದಲ ದಿನ ಒಂದ್ ತಾಸು, ಮರುದಿನ ಎರಡ್ ತಾಸು. ಹೊಸಾ ಸೊಸೀನ್ನ ಬಂದ ದಿನಾನ ಅಡಗಿಮನಿಗೆ ನೂಕಿದಂಗ ನೂಕಬಾರ್ದು.”

“ಕೇಳಿತಾ?” ನನ್ನ ಹೆಂಡತಿ ನಕ್ಕಳು. “ಅದು ಗಿಡಕ್ಕೆ ಹೇಳಿದ್ದಲ್ಲ, ನಿಮಗೆ ಹೇಳಿದ್ದು.”

ನಾನು ನಗಲಿಲ್ಲ. ಮನೆಯಲ್ಲಿ ಗಿಡದ ಮಾತು ನನ್ನದಾಗಿತ್ತು. ಈಗ ಅವಳು ಮಣ್ಣಿನೊಳಗೆ ಚುಚ್ಚುವ ಥರ್ಮಾಮೀಟರು ಇಟ್ಟುಕೊಂಡಿದ್ದಳು. ಹಬ್ಬದ ದಿನ ಮನೆಗೆ ಬಂದವರು ನನ್ನನ್ನು ಕೇಳುವ ಮೊದಲು ಅವಳನ್ನು ಕೇಳತೊಡಗಿದ್ದರು. ಆ ವರ್ಷ ಇನ್ನೊಂದು ತೊಡಕೂ ಇತ್ತು. ರಜೆ ಒಂದು ವಾರ ಬೇಗ ಬಂದಿತ್ತು. ಪತ್ತನಾಜೆಗೆ ಇನ್ನೂ ಆರೇಳು ದಿನವಿತ್ತು. ಆದರೆ ನನ್ನ ಲೆಕ್ಕದಲ್ಲಿ ಜನ ನೆನಪಿಟ್ಟುಕೊಂಡದ್ದು ರಜೆಯನ್ನು ಮಾತ್ರ. ಹೊರಗೆ ಎಳೆಬಿಸಿಲು, ಮರಗಳಲ್ಲಿ ಚಿಗುರು, ಫೋನಿನ ಮೇಲೆ ಫೋನು. ನಾನೂ ಯೋಚಿಸಲಿಲ್ಲ. “ಇಡಿ, ಇಡಿ, ಏನೂ ಆಗುವುದಿಲ್ಲ,” ಎಂದೆ ಎಲ್ಲರಿಗೂ.

ಸೊಸೆ ಅಡುಗೆಮನೆಯಿಂದ ಕೇಳಿಸಿಕೊಂಡಳು. “ಮಾವಾರ, ಮಣ್ಣಾಗ ಇನ್ನೂ ಥಂಡಿ ಐತ್ರೀ. ತುಳಸಿ ಸಾಯಾಕ ಐಸ್ ಬೀಳಬೇಕಂತಿಲ್ಲ. ನಾಕು ಡಿಗ್ರಿ ಸಾಕು, ಎಲಿ ಕರ್ರಗಾಗ್ತಾವ. ಒಂದ್ ವಾರ ತಡೀರಿ ಅಂತ ಹೇಳ್ರಿ ಅವರಿಗೆ.”

“ನಾನು ಇಲ್ಲಿ ಎಷ್ಟು ಚಳಿಗಾಲ ನೋಡಿದ್ದೇನೆ ಗೊತ್ತುಂಟಾ ನಿನಗೆ?” ಎಂದೆ. ಅವಳು ಒಲೆಯ ಕಡೆ ತಿರುಗಿದಳು.

ಆ ಭಾನುವಾರ ಹೆಂಡತಿ ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು, ರಾತ್ರಿ ಅಲ್ಲೇ. ಮಗನಿಗೆ ಓಶಾವಾದಲ್ಲಿ ತುರ್ತು ಕೆಲಸ ಬಂದಿತ್ತು. ಸೊಸೆಗೆ ಮಧ್ಯಾಹ್ನ ಎರಡರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಎರಡು ಶಿಫ್ಟು ಜೋಡಿಸಿದ್ದರು. ಬೆಳಗಿನ ಹವಾಮಾನದಲ್ಲಿ ರಾತ್ರಿ ಮೋಡ, ಒಂಬತ್ತು ಡಿಗ್ರಿ ಎಂದಿತ್ತು. ಮೋಡವಿದ್ದರೆ ಭೂಮಿಗೆ ಹೊದಿಕೆ ಇದ್ದ ಹಾಗೆ, ಒಂದು ರಾತ್ರಿ ಹೊರಗಿದ್ದರೆ ಗಿಡಕ್ಕೂ ಕೊನೆಯ ಪಾಠವಾಗುತ್ತದೆ ಎಂದು ಅವಳೇ ಟ್ರೇಗಳನ್ನು ಡೆಕ್ಕಿನ ಗೋಡೆಯ ಬದಿಗೆ ಜೋಡಿಸಿ ಹೋದಳು.

ಸಂಜೆ ಆರಕ್ಕೆ ಮೆಡೋವೇಲಿನಿಂದ ಒಬ್ಬರು ಬಂದರು. ಮೈಸೂರಿನವರು, ಅಲ್ಲಿಯ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ. ಊರಿಂದ ತಂದ ಕಾಫಿಪುಡಿ ಕೊಡುವ ನೆಪ. ನಿಜವಾದ ಕಾರಣ ಬೇರೆ ಇತ್ತು.

“ಅಂಕಲ್, ನೀವು ಹೇಳಿದ್ರಿ ಅಂತ ನಿನ್ನೇನೇ ಎಲ್ಲಾ ಹೊರಗಿಟ್ಬಿಟ್ಟೆ. ಈಗ ನೋಡಿದ್ರೆ ಆ್ಯಪಲ್ಲಿ ಓವರ್‌ನೈಟ್ ಒಂದು ಡಿಗ್ರಿ ಅಂತಿದೆ. ನನ್ ವೈಫ್ ಅಂತೂ ಒಂದೇ ಸಮ ಬೈತಿದಾಳೆ. ನಿಮ್ಮ ಅಂಕಲ್ಲು ಅಂಕಲ್ಲು ಅಂತ ಕುಣೀತಿದ್ರಲ್ಲ, ಹೋಗಿ ಕೇಳ್ಕೊಂಡ್ ಬನ್ನಿ ಅಂತ ಕಳಿಸಿದಾಳೆ.”

ನಾವು ಡೆಕ್ಕಿನ ಮೇಲೆ ನಿಂತಿದ್ದೆವು. ತಲೆಯೆತ್ತಿ ನೋಡಿದೆ. ಮಧ್ಯಾಹ್ನವಿದ್ದ ಮೋಡ ಒಂದೂ ಇರಲಿಲ್ಲ. ಆಕಾಶ ತೊಳೆದ ಹಾಗಿತ್ತು. ಗಾಳಿ ನಿಂತಿತ್ತು. ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ನನಗೆ ಗೊತ್ತಾಗಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವ ಹಾಗಿಲ್ಲ.

“ಆ್ಯಪಿಗೆ ಎಂತ ಗೊತ್ತುಂಟು ಮಾರಾಯ್ರೆ,” ಎಂದೆ. “ನಮ್ಮದೂ ಹೊರಗೇ ಉಂಟಲ್ಲ, ನೋಡಿ. ಸೊಸೆಯ ಅರವತ್ತು ಗಿಡ. ಒಂದನ್ನಾದರೂ ಒಳಗೆ ಇಟ್ಟಿದ್ದೇನಾ?”

ಅವರ ಮುಖ ಸಡಿಲವಾಯಿತು. “ಹೌದಲ್ವಾ. ನಿಮ್ಮನೇದೇ ಹೊರಗಿದೆ ಅಂದ್ಮೇಲೆ ಇನ್ನೇನು ಬಿಡಿ.”

ಅಷ್ಟರಲ್ಲಿ ಬೇಲಿಯಾಚೆಯ ಜಮೈಕಾದ ಮುದುಕಿ ತನ್ನ ಮೆಣಸಿನ ಗಿಡಗಳಿಗೆ ಹಳೆಯ ಬೆಡ್‌ಶೀಟು ಹೊದೆಸುತ್ತ ಕೂಗಿದಳು. “ಫ್ರಾಸ್ಟ್ ಟುನೈಟ್, ಡಾರ್ಲಿಂಗ್!” ನಾನು ಕೈಬೀಸಿದೆ. “ಪಾಪ, ವಯಸ್ಸಾಯ್ತು. ಹೆದರಿಕೆ ಜಾಸ್ತಿ,” ಎಂದೆ ಮೈಸೂರಿನವರಿಗೆ. ಆ ಮುದುಕಿಗಿಂತ ನಾನು ಎರಡು ವರ್ಷ ದೊಡ್ಡವನು.

ಒಳಗೆ ಫೋನು ಬಡಿದುಕೊಂಡಿತು. ಮನೆಯ ಫೋನು. ನಾನು ಹೋಗಿ ಎತ್ತಿದೆ. ಅವರೂ ಹಿಂದೆಯೇ ಒಳಗೆ ಬಂದು ಬಾಗಿಲ ಬಳಿ ನಿಂತರು.

“ಮಾವಾರ, ನಾನ್ರೀ. ಸೂಪರ್‌ವೈಸರ್ ಟೇಬಲ್ ಫೋನಿಂದ ಮಾಡಾಕತ್ತೇನಿ. ಫ್ರಾಸ್ಟ್ ವಾರ್ನಿಂಗ್ ಬಂದೈತಂತ್ರೀ. ಗಿಡ ಎಲ್ಲಾ ಒಳಗ ಇಡ್ರಿ. ಬೇಸ್‌ಮೆಂಟ್ ಬ್ಯಾಡ, ಮೆಟ್ಲು ಇಳಿಬ್ಯಾಡ್ರಿ ನೀವು. ಅಡಗಿಮನಿ ನೆಲದ ಮ್ಯಾಲ ಇಟ್ರ ಸಾಕು. ಇಡ್ತೀರಲ್ರೀ?”

ಅವಳ ಹಿಂದೆ ಬೆಲ್ಟು ಓಡುವ ಸದ್ದು ಕೇಳುತ್ತಿತ್ತು. ಮೈಸೂರಿನವರು ನನ್ನನ್ನೇ ನೋಡುತ್ತಿದ್ದರು.

“ಆಯ್ತು, ಆಯ್ತು,” ಎಂದು ಇಟ್ಟುಬಿಟ್ಟೆ.

“ಯಾರು ಅಂಕಲ್?”

“ಡಕ್ಟ್ ಕ್ಲೀನಿಂಗಿನವರು, ಮಾಡಿಸಿ ಮಾಡಿಸಿ ಅಂತ. ಭಾನುವಾರವೂ ಬಿಡುವುದಿಲ್ಲ.”

“ಅಯ್ಯೋ, ನಮ್ಮನೇಗೂ ದಿನಾ ಮೂರ್ ಸಲ,” ಎಂದು ಅವರು ನಕ್ಕರು. ನಾನೂ ನಕ್ಕೆ.

ಅವರು ಹೊರಟಾಗ ಏಳೂವರೆ. ಇನ್ನೂ ಬೆಳಕಿತ್ತು. ನಾನು ಡೆಕ್ಕಿಗೆ ಹೋಗಿ ಒಂದು ಟ್ರೇ ಎತ್ತಿದೆ. ಐದು ಟ್ರೇ, ಒಂದೊಂದರಲ್ಲಿ ಹನ್ನೆರಡು ಕುಂಡ. ಕಷ್ಟವೇನಿರಲಿಲ್ಲ. ಹತ್ತು ನಿಮಿಷದ ಕೆಲಸ. ಟ್ರೇ ಎದೆಗೆ ಒತ್ತಿಕೊಂಡು ತಿರುಗಿದಾಗ ಮನೆಯ ಬದಿಯ ಸಂದಿನಿಂದ ಅವರ ಕಾರು ಕಾಣಿಸಿತು. ಇನ್ನೂ ಹೊರಟಿರಲಿಲ್ಲ. ಕಾರೊಳಗೆ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದರು, ಹೆಂಡತಿಯೊಂದಿಗೇ ಇರಬೇಕು. ತಲೆ ಇತ್ತ ತಿರುಗಿಸಿದ್ದರೆ ನನ್ನನ್ನು ನೋಡುತ್ತಿದ್ದರು. ನಾನು ಟ್ರೇಯನ್ನು ಇದ್ದಲ್ಲೇ ಇಟ್ಟೆ.

ಕಾರು ಹೋಯಿತು. ಆಮೇಲೂ ನಾನು ಎತ್ತಲಿಲ್ಲ. ಇದನ್ನೇ ಬರೆಯಲು ಆರು ವರ್ಷ ಬೇಕಾಯಿತು. ಮರೆತೆ ಎಂದರೆ ಸುಳ್ಳು. ಟಿವಿ ಹಾಕಿ ಕುಳಿತೆ, ಬದಿಯಲ್ಲಿ ತಾಪಮಾನ ತೋರಿಸುತ್ತಲೇ ಇತ್ತು. ಏಳು. ಆರು. ಒಳಗೆ ತಂದರೆ ನಾಳೆ ಆ ಮನುಷ್ಯ ಸೊಸೆಯೊಂದಿಗೆ ಮಾತಾಡಿದಾಗ ವಿಷಯ ಹೊರಬೀಳುತ್ತದೆ. ಅಂಕಲ್ ನಮಗೆ ಹೊರಗಿಡಿ ಎಂದು ಹೇಳಿ ತಮ್ಮದನ್ನು ಒಳಗಿಟ್ಟುಕೊಂಡರು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಇದು ಒಂದು. ಇನ್ನೊಂದು ಯೋಚನೆ ಇದಕ್ಕಿಂತ ಕೆಟ್ಟದ್ದು. ಗಿಡ ಹೊರಗಿದ್ದೂ ಬದುಕಿ ಉಳಿದರೆ ಬೆಳಿಗ್ಗೆ ಅವಳು ಬಂದು ನೋಡುತ್ತಾಳೆ, ಆಗ ಯಾರ ಲೆಕ್ಕ ಸರಿ ಎಂದು ಅವಳಿಗೆ ಗೊತ್ತಾಗುತ್ತದೆ. ನಾನು ಅವಳ ಕೆಲಸವನ್ನು ಪಣಕ್ಕಿಟ್ಟು ಅವಳ ಥರ್ಮಾಮೀಟರಿನ ಜೊತೆ ಜೂಜಾಡಿದೆ.

ಐದಕ್ಕೆ ಇಳಿದಾಗ ಟಿವಿ ಆರಿಸಿ ಮಲಗಿದೆ. ಮಗ ಬಂದ ಶಬ್ದ ಕೇಳಿತು. ದಣಿದವನು ನೇರ ಕೋಣೆಗೆ ಹೋದ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಬೆಳಿಗ್ಗೆ ಐದೂವರೆಗೆ ಎದ್ದು ಪರದೆ ಸರಿಸಿದೆ. ಹುಲ್ಲು ಬಿಳಿ. ಮುದುಕಿಯ ಬೆಡ್‌ಶೀಟುಗಳು ಹಲಗೆಯ ಹಾಗೆ ಸೆಟೆದು ನಿಂತಿದ್ದವು. ಚಪ್ಪಲಿ ಹಾಕದೆ ಡೆಕ್ಕಿಗೆ ಹೋದೆ. ತುಳಸಿ ಎಲೆಗಳು ಹಸಿರಾಗಿಯೇ ಇದ್ದವು, ಗಾಜಿನ ಹಾಗೆ. ಒಂದನ್ನು ಮುಟ್ಟಿದೆ, ಮುರಿಯಿತು. ಬಿಸಿಲು ಬೀಳುವ ಮೊದಲು ನೀರು ಹಾಕಿದರೆ ಉಳಿಯುತ್ತವೆ ಎಂದು ಯಾರೋ ಹೇಳಿದ್ದು ನೆನಪಾಗಿ ಕೊಡದಲ್ಲಿ ನೀರು ತಂದು ತಂದು ಸುರಿದೆ. ಬೇಲಿಯ ಮೇಲಿಂದ ಬಿಸಿಲು ಬಂತು. ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಒಂದೊಂದಾಗಿ ಜೋತುಬಿದ್ದು ಕಪ್ಪಾದವು. ನಾನು ನೋಡುತ್ತ ನಿಂತೆ.

ಆಮೇಲೆ ಒಳಗೆ ಬಂದು ಫೋನು ಎತ್ತಿಕೊಂಡೆ. ಬಂದ ಕರೆಗಳ ಪಟ್ಟಿಯಲ್ಲಿ ವೇರ್‌ಹೌಸಿನ ನಂಬರು ಎಲ್ಲಕ್ಕಿಂತ ಮೇಲಿತ್ತು, ಸಂಜೆ ಆರೂವರೆ. ಅವಳ ಮೊಬೈಲು ಕೆಲಸದ ಹೊತ್ತಿನಲ್ಲಿ ಲಾಕರಿನೊಳಗಿರುತ್ತದೆ ಎಂದು ನನಗೆ ಗೊತ್ತಿತ್ತು. ಈ ಕರೆಗೆ ಮನೆಯಲ್ಲಿದ್ದ ಸಾಕ್ಷಿ ಇದೊಂದೇ. ಅಳಿಸಬೇಕೇ ಎಂದು ಫೋನು ಕೇಳಿತು. ಹೌದು ಎಂದು ಒತ್ತಿದೆ.

ಆರೂವರೆಗೆ ಅವಳು ಬಂದಳು. ಕೋಟು ಬಿಚ್ಚದೆ ಅಡುಗೆಮನೆಯ ನೆಲ ನೋಡಿದಳು. ನೆಲ ಖಾಲಿ. ಡೆಕ್ಕಿನ ಬಾಗಿಲಿಗೆ ಹೋದಳು. ಅವಳು ಕೂಗಿಕೊಳ್ಳಲಿಲ್ಲ. ಮೊಣಕಾಲೂರಿ ಕುಳಿತು ಒಂದೊಂದೇ ಕುಂಡವನ್ನು ಎತ್ತಿ, ಕಾಂಡವನ್ನು ಬೆರಳಲ್ಲಿ ಒತ್ತಿ, ಕೆಳಗಿಟ್ಟಳು. ಎಲ್ಲ ಅರವತ್ತನ್ನೂ ನೋಡಿದಳು. ಮಗ ಎದ್ದು ಬಂದ.

“ವಾಟ್ ಹ್ಯಾಪನ್ಡ್? ಹೊರಗೆ ಬಿಟ್ಟು ಹೋಗಿದ್ದಾ? ಒಂದು ಕಾಲ್ ಮಾಡ್ಬೇಕಿತ್ತಲ್ಲ ಮಾರಾಯ್ತಿ!”

“ಮಾಡಿದ್ನಿ,” ಎಂದಳು. “ಆರೂವರಿಗೆ. ಮಾವಾರು ಎತ್ತಿದ್ರು.”

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಮಾತು ಸಲೀಸಾಗಿ ಬಂತು.

“ಇಲ್ಲ ಮಗಾ. ನನಗೆ ಫೋನೇ ಬರಲಿಲ್ಲ. ಒಂದು ಡಕ್ಟ್ ಕ್ಲೀನಿಂಗಿನವರದ್ದು ಬಂದಿತ್ತು, ಅಷ್ಟೇ. ಬೇಕಾದರೆ ಆ ಮೈಸೂರಿನವರನ್ನು ಕೇಳು, ಇಲ್ಲೇ ಇದ್ದರು.”

ಮಗ ಫೋನು ತೆಗೆದು ಪಟ್ಟಿ ನೋಡಿದ. “ನಿನ್ನೆ ಈವ್ನಿಂಗ್ ಇಲ್ಲಿ ಏನೂ ಇಲ್ವಲ್ಲ. ಹದಿನಾರು ಗಂಟೆ ಡ್ಯೂಟಿ ಮಾಡಿದ್ದೀಯ, ಯು ಮೈಟ್ ಹ್ಯಾವ್... ಮಾಡಬೇಕು ಅಂತ ಅಂದ್ಕೊಂಡಿದ್ದಿರಬಹುದು. ಅಪ್ಪ ಯಾಕೆ ಸುಳ್ಳು ಹೇಳ್ತಾರೆ?”

ಅವಳು ಫೋನನ್ನು ನೋಡಿದಳು. ನಾನು ಹೇಳಿದ ಡಕ್ಟಿನವರ ಕರೆಯೂ ಅದರಲ್ಲಿ ಇರಲಿಲ್ಲ, ಮಗ ಅದನ್ನು ಗಮನಿಸಿರಲಿಲ್ಲ. ಆಮೇಲೆ ನನ್ನ ಕಾಲುಗಳನ್ನು ನೋಡಿದಳು. ಚಪ್ಪಲಿಯಿಲ್ಲದ, ಒದ್ದೆಯಾದ ಕಾಲುಗಳು. ಅಡುಗೆಮನೆಯಿಂದ ಡೆಕ್ಕಿನವರೆಗೆ ನೀರಿನ ಹೆಜ್ಜೆಗಳಿದ್ದವು. ಕೊನೆಗೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಅವಳು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ.

“ಇರಬಹುದು,” ಎಂದಳು ಗಂಡನಿಗೆ. “ನಾನ ಮರ್ತಿರಬೇಕು.”

ಮಂಗಳವಾರ ಅವಳು ಖಾಲಿ ಕೈಯಲ್ಲಿ ಗ್ರೀನ್‌ಹೌಸಿಗೆ ಹೋದಳು. ಮಗನೇ ಕಾರಿನಲ್ಲಿ ಕರೆದೊಯ್ದಿದ್ದ. ರಾತ್ರಿ ಊಟಕ್ಕೆ ಕುಳಿತಾಗ ಅವನೇ ಹೇಳಿದ್ದು. ಯಜಮಾನ ಕೇಳಿದನಂತೆ, ಬೀಜ ಮೊಳೆಯಲಿಲ್ಲವೇ ಎಂದು. ಮೊಳೆತವು, ಬೆಳೆದವು, ಫ್ರಾಸ್ಟಿನ ರಾತ್ರಿ ಒಳಗೆ ತೆಗೆದಿಡಲು ಮರೆತೆ ಎಂದು ಇವಳು ಹೇಳಿದಳಂತೆ. ಅವನು ಬೈಯಲಿಲ್ಲ. ಬೀಜ ಮೊಳೆಯದಿದ್ದರೆ ಇನ್ನೊಂದು ಸಲ ಪ್ರಯತ್ನಿಸು ಎನ್ನುತ್ತಿದ್ದೆ ಎಂದನಂತೆ. ಆದರೆ ಆ ಕೆಲಸದಲ್ಲಿ ಇರಬೇಕಾದ ಗುಣ ಒಂದೇ, ಚಳಿ ಬರುವ ಸಂಜೆಯನ್ನು ಮರೆಯದಿರುವುದು. ಸಾವಿರಾರು ಸಸಿಗಳನ್ನು ನಿನ್ನ ಕೈಗೆ ಹೇಗೆ ಬಿಡಲಿ ಎಂದು ಕೇಳಿದನಂತೆ.

“ಬೇರೆ ಏನಾದ್ರೂ ಹೇಳಬಹುದಿತ್ತು,” ಎಂದ ಮಗ. “ಎಲೆ ಹುಳ ತಿಂತು ಅಂತ.”

ಅವಳು ನನಗೆ ಅನ್ನ ಬಡಿಸುತ್ತಿದ್ದಳು. “ಮಾವಾರ, ಸಾಕ್ರೀ?” ಎಂದು ಕೇಳಿದಳು. ಧ್ವನಿಯಲ್ಲಿ ಏನೂ ಇರಲಿಲ್ಲ. ಬಡಿಸಿದ್ದನ್ನೆಲ್ಲ ತಿಂದೆ. ತಿನ್ನದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ.

ಆ ವಾರವೇ ಮೈಸೂರಿನವರು ಫೋನು ಮಾಡಿ, “ಅಂಕಲ್, ನಿಮ್ಮ ಪಂಚಾಂಗಾನ ಡೀಪ್ ಫ್ರೀಜರಲ್ಲಿ ಇಟ್ಟಿದ್ರಾ?” ಎಂದು ಕೇಳಿದರು. ಅವರ ಗಿಡಗಳೂ ಹೋಗಿದ್ದವು. ನಾನು, “ಪತ್ತನಾಜೆಗೆ ಇನ್ನೂ ಒಂದು ವಾರ ಉಂಟು ಮಾರಾಯ್ರೆ, ಅವಸರ ಮಾಡಿದ್ದು ನೀವು,” ಎಂದೆ. ನನ್ನ ಮಾತು ಕೇಳಿ ಗಿಡ ಕಳೆದುಕೊಂಡ ಉಳಿದವರ ಎದುರೂ ಹಾಗೆಯೇ ಜಾರಿಕೊಂಡೆ. ಸೊಸೆ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು.

ಬೇಸ್‌ಮೆಂಟಿನ ದೀಪಗಳನ್ನು ಅವಳೇ ಬಿಚ್ಚಿದಳು. ಕಪಾಟಿನಲ್ಲಿ ಈಗ ಚಳಿಗಾಲದ ಬೂಟುಗಳಿವೆ. ಅವಳು ಅದೇ ವೇರ್‌ಹೌಸಿನಲ್ಲಿದ್ದಾಳೆ, ಈಗ ಬಲ ಭುಜ ಎತ್ತಲು ಕಷ್ಟಪಡುತ್ತಾಳೆ.

ಮೊದಲು ಹೇಳಿದ್ದು ಹೆಂಡತಿಗೆ, ಒಂದು ವರ್ಷ ಕಳೆದ ಮೇಲೆ. ಅವಳು ಕಾಯಿ ತುರಿಯುತ್ತಿದ್ದವಳು ಪೂರ್ತಿ ತುರಿದು ಮುಗಿಸಿಯೇ ಮಾತಾಡಿದಳು. “ನನಗೆ ಹೇಳಿ ಎಂತ ಮಾಡ್ತೀರಿ? ನನ್ನ ಕೆಲಸ ಹೋದದ್ದಾ?” ಆಮೇಲೆ ಮೂರು ದಿನ ನನ್ನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು.

ಅದರ ಮರುವರ್ಷ ನಾನೊಬ್ಬನೇ ಗ್ರೀನ್‌ಹೌಸಿಗೆ ಹೋದೆ. ಎರಡು ಬಸ್ಸು, ಆಮೇಲೆ ಟ್ಯಾಕ್ಸಿ. ಯಜಮಾನ ಪೈಪು ಹಿಡಿದು ನೀರು ಹಾಕುತ್ತಿದ್ದ. ನನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವಳು ಮರೆಯಲಿಲ್ಲ, ಮರೆಯುವವಳಲ್ಲ, ಫೋನು ಮಾಡಿದ್ದಳು, ನಾನೇ ಬಿಟ್ಟೆ ಎಂದೆ. ಅವನು ಪೈಪು ಕೆಳಗಿಡಲಿಲ್ಲ. ಆ ಕೆಲಸಕ್ಕೆ ಬೇರೊಬ್ಬಳು ಬಂದು ವರ್ಷವಾಯಿತು ಎಂದ. ಆಮೇಲೆ, ನೀನು ಇಲ್ಲಿಗೆ ಬಂದದ್ದು ಅವಳಿಗೆ ಗೊತ್ತಾ ಎಂದು ಕೇಳಿದ. ಇಲ್ಲ ಎಂದೆ. ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಕಾಲಡಿ ನೀರು ಬರುತ್ತದೆ, ಅತ್ತ ಸರಿ ಎಂದ.

ಮಗನಿಗೆ ಹೇಳಿದ್ದು ಕಳೆದ ತಿಂಗಳು, ಡಾಕ್ಟರ ಬಳಿಯಿಂದ ಬರುವಾಗ, ಕಾರಿನಲ್ಲಿ. ಅವನು ಕಾರನ್ನು ಒಂದು ಕಾಫಿ ಅಂಗಡಿಯ ಪಾರ್ಕಿಂಗಿಗೆ ತಿರುಗಿಸಿ ನಿಲ್ಲಿಸಿದ.

“ನಾನು ಅವಳನ್ನ ಎಷ್ಟು ಬೈದಿದ್ದೆ ಅಪ್ಪಾ,” ಎಂದ. “ಸಿಕ್ಸ್ ಇಯರ್ಸ್. ಏನು ಮರೆತರೂ, ಹಾಲು ಮರೆತರೂ, ನಿನಗೆ ಎಲ್ಲಾ ಮರೆತು ಹೋಗುತ್ತೆ, ಆವತ್ತಿನ ಥರ, ಅಂತ.” ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕುಳಿತ. ಆಮೇಲೆ ಹೇಳಿದ, “ನಾನು ಹೇಳಲ್ಲ ಅವಳಿಗೆ. ನೀವೇ ಹೇಳಿ. ನನ್ನದು ನಾನು ಕೇಳ್ಕೊಳ್ತೇನೆ. ನಿಮ್ಮದು ನೀವು.”

ಅವನು ಅಂದೇ ತನ್ನ ಪಾಲಿನ ಕ್ಷಮೆ ಕೇಳಿಕೊಂಡ. ಅವರ ಕೋಣೆಯ ಬಾಗಿಲು ಮುಚ್ಚಿತ್ತು, ಆದರೂ ಅವಳು ಅಳುವುದು ನನಗೆ ಕೇಳಿತು. ಆರು ವರ್ಷಗಳಲ್ಲಿ ಮೊದಲ ಸಲ.

ನಾನು ಪ್ರಯತ್ನಿಸಲಿಲ್ಲ ಎಂದಲ್ಲ. ಮೊನ್ನೆ ಅವಳು ಒಬ್ಬಳೇ ಅಡುಗೆಮನೆಯಲ್ಲಿದ್ದಾಗ ಹೋಗಿ ನಿಂತೆ. “ಮಗಾ,” ಎಂದೆ. ಅವಳು ತಿರುಗಿ, ಕೈ ಒರೆಸಿಕೊಂಡು, “ಏನ್ರೀ ಮಾವಾರ?” ಎಂದಳು. ಕಾಯ್ದಳು. ನಿಜವಾಗಿ ಕಾಯ್ದಳು, ನನಗೆ ಕಾಣುತ್ತಿತ್ತು.

“ಚಾ ಉಂಟಾ?” ಎಂದೆ.

ಅವಳು ಇನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿ ಚಹಾಕ್ಕೆ ನೀರಿಟ್ಟಳು.

ಈಗಲೂ ಮೇ ತಿಂಗಳಲ್ಲಿ ಫೋನು ಬರುತ್ತದೆ. ಹೊಸಬರು, ನನ್ನ ಹಳೆಯ ಹೆಸರು ಕೇಳಿದವರು. ನಾನು ಫೋನನ್ನು ಅವಳ ಕೈಗೆ ಕೊಡುತ್ತೇನೆ. ರಾತ್ರಿಯ ತಾಪಮಾನ ಒಂದು ವಾರ ಪೂರ್ತಿ ಹತ್ತು ಡಿಗ್ರಿಗಿಂತ ಮೇಲಿರಲಿ, ರಜೆ ನೋಡಬೇಡಿ, ಮೋಡ ನೋಡಿ ಎಂದು ಅವಳು ತಾಳ್ಮೆಯಿಂದ ವಿವರಿಸುತ್ತಾಳೆ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳುತ್ತೇನೆ. ಫೋನು ಕೊಡುವುದನ್ನು ಕ್ಷಮೆ ಕೇಳಿದ ಹಾಗೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಹಾಗಲ್ಲ. ಈ ಹಾಳೆಗಳೂ ಅಲ್ಲ.

ಹೆಂಡತಿಗೆ ಹೇಳಿದೆ, ಅಪರಿಚಿತ ಯಜಮಾನನಿಗೆ ಹೇಳಿದೆ, ಮಗನಿಗೆ ಹೇಳಿದೆ, ಈಗ ನಿಮಗೂ ಹೇಳಿದ್ದೇನೆ. ನನ್ನ ಸುಳ್ಳನ್ನು ತನ್ನ ಮರೆವೆಂದು ಒಪ್ಪಿಕೊಂಡವಳು ಈ ಹೊತ್ತಿನಲ್ಲಿ ಶಿಫ್ಟಿಗೆ ಹೊರಡಲು ಬಾಗಿಲ ಬಳಿ ಕುಳಿತು, ನೋಯುವ ಭುಜವನ್ನು ಸರಿಸಿಕೊಂಡು, ಬೂಟಿನ ದಾರ ಕಟ್ಟುತ್ತಿದ್ದಾಳೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವಳೊಬ್ಬಳನ್ನೇ, ನನ್ನ ಸೊಸೆಯನ್ನು.